ಇಬ್ಬರಿಗೆ ಎಷ್ಟು ಬೇಳೆ?

ಇಬ್ಬರೇ ಇರುವ ಮನೆಯಲ್ಲಿ ಹುಳಿಗೆ ಎಷ್ಟು ಬೇಳೆ ಹಾಕಬೇಕು? ಮದುವೆ ನಿಶ್ಚಯವಾದ ಹುಡುಗನಿಗೆ ಹಿರಿಯರು ಏನೆಲ್ಲ ಹೇಳಿಕೊಡುತ್ತಾರೆ. ಬೀಗರ ಕಡೆಯ ಯಾವ ಅಜ್ಜನ ಕಾಲಿಗೆ ಮೊದಲು ಬೀಳಬೇಕು, ಯಾವ ಚಿಕ್ಕಪ್ಪನ ಹೆಸರು ಲಗ್ನಪತ್ರಿಕೆಯಲ್ಲಿ ಬಿಟ್ಟುಹೋದರೆ ಹತ್ತು ವರ್ಷ ಮಾತು ನಿಲ್ಲುತ್ತದೆ, ಪೇಟ ಎಷ್ಟು ಸಡಿಲ ಕಟ್ಟಿಸಿಕೊಂಡರೆ ತಲೆನೋವು ಬರುವುದಿಲ್ಲ, ಎಲ್ಲದಕ್ಕೂ ಸಲಹೆ ಉಂಟು. ಬೇಳೆಯ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ. ಅವರಿಗೂ ಗೊತ್ತಿಲ್ಲ, ಅದೇ ಕಾರಣ. ನಮ್ಮ ತಾಯಂದಿರು ಇಬ್ಬರಿಗೆಂದು ಒಲೆ ಹೊತ್ತಿಸಿದ ದಿನವೇ ಇಲ್ಲ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಮಧ್ಯಾಹ್ನದ ಊಟಕ್ಕೆ ಎಷ್ಟು ಎಲೆ ಬೀಳುತ್ತದೆಂದು ಬೆಳಿಗ್ಗೆ ಹೇಳಲು ಬ್ರಹ್ಮನಿಂದಲೂ ಆಗದು. ಕೊನೆಗಾರ ಬರುತ್ತಾನೆ, ಅವನ ಜೊತೆ ಹಗ್ಗ ಹಿಡಿಯುವವನು, ರಾತ್ರಿ ಅಡಿಕೆ ಸುಲಿಯಲು ಕೂರುವವರು, ಬಸ್ಸು ತಪ್ಪಿಸಿಕೊಂಡ ನೆಂಟರು, ಬಸ್ಸು ತಪ್ಪಿಸಿಕೊಂಡೆವೆಂದು ಹೇಳಿಕೊಂಡು ಬರುವ ನೆಂಟರು. ಅಂಥ ಅಡುಗೆಮನೆಯಲ್ಲಿ ಜೀವ ಸವೆಸಿದ ಅಮ್ಮನಿಗೆ ಬೆಂಗಳೂರಿನಿಂದ ಫೋನು ಮಾಡಿ ಅಳತೆ ಕೇಳಿದೆ.

“ಒಂದ್ ಪಾವು ಹಾಕು ಮಾರಾಯ.”

“ಇಬ್ಬರಿಗೆ ಒಂದು ಪಾವು ಜಾಸ್ತಿಯಾಗುದಿಲ್ವಾ?”

“ಯಾರಾದ್ರೂ ಬಂದ್ರೆ?”

“ಯಾರೂ ಬರುದಿಲ್ಲಮ್ಮ. ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟೂ ಇಲ್ಲ.”

“ಬಂದ್ರೆ ಎಂತ ಮಾಡ್ತಿ?”

ಈ ‘ಬಂದ್ರೆ’ಗೆ ಇಂದಿನವರೆಗೆ ಯಾವ ಮಗನೂ ಉತ್ತರ ಕೊಟ್ಟಿಲ್ಲ. ಇನ್ನು ಪಾವಿನ ಮಾತು. ನಾಲ್ಕು ಪಾವು ಸೇರಿದರೆ ಒಂದು ಸೇರು, ಅಷ್ಟು ನನಗೂ ಗೊತ್ತು. ಆದರೆ ನಮ್ಮ ಮನೆಯ ಪಾವು ಎಂದರೆ ಕಂಠ ನೆಗ್ಗಿದ ಒಂದು ಹಿತ್ತಾಳೆಯ ಮಾನ. ಅದು ಅಕ್ಕಿಡಬ್ಬಿಯೊಳಗೇ ಹುಟ್ಟಿ ಅಲ್ಲೇ ಬೆಳೆದದ್ದು. ದೇಶದ ತೂಕ ಅಳತೆಗಳೆಲ್ಲ ಮೆಟ್ರಿಕ್ ಆಗಬೇಕೆಂದು 1956ರಲ್ಲೇ ಕಾಯ್ದೆ ಬಂತು. ಕಾಯ್ದೆ ದಿಲ್ಲಿಯಿಂದ ಹೊರಟು ಆಗುಂಬೆಯ ಮಳೆಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು, ನಮ್ಮ ಅಡುಗೆಮನೆಗಂತೂ ಇನ್ನೂ ತಲುಪಿಲ್ಲ.

ಸರಿ, ಇವಳ ಮನೆಯಲ್ಲಿ ಕೇಳೋಣವೆಂದರೆ ಅದು ಧಾರವಾಡ. ಅಲ್ಲಿ ಪಾವೂ ಇಲ್ಲ. ಅತ್ತೆಯವರು ಫೋನಿನಲ್ಲೇ ಮುಷ್ಟಿ ಹಿಡಿದು ತೋರಿಸಿದರು. “ಹಿಂಗ ಎರಡು ಮುಷ್ಟಿ ಸಾಕ್ರೀ ಅಳಿಯಂದ್ರ.” ಯಾರ ಮುಷ್ಟಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಮುಷ್ಟಿಯಲ್ಲಿ ಎರಡು ಹಾಕಿದೆ. ಇವಳು, ನಾನಿನ್ನೂ ಹಾಕಿಲ್ಲವೆಂದುಕೊಂಡು, ತನ್ನ ಮುಷ್ಟಿಯಲ್ಲಿ ಎರಡು ಹಾಕಿದಳು. ಅಮ್ಮನ ಮಾತಿಗೆ ಮರ್ಯಾದೆ ಬೇಡವೇ ಎಂದು ನಾನು ಮೇಲೆ ಇನ್ನೊಂದಿಷ್ಟು ಸುರಿದೆ.

ಆ ಹುಳಿಯ ಮುಂದಿನ ಜೀವನ ಸ್ವಲ್ಪ ದೀರ್ಘವಾದದ್ದು. ಮೊದಲ ದಿನ ಅದು ಹುಳಿಯೇ ಆಗಿತ್ತು, ಬಾಯಿ ತುಂಬ ಹೊಗಳಿಕೊಂಡೆವು. ಮರುದಿನ ಅದಕ್ಕೆ ನೀರು ಬೆರೆಸಿ, ಮೆಣಸು ಜೀರಿಗೆ ಕುಟ್ಟಿ ಹಾಕಿ ಸಾರು ಎಂದೆವು. ಅದರ ಮರುದಿನ ಅನ್ನ ಕಲಸಿ, ತುಪ್ಪ ಹಾಕಿ, ಬಿಸಿಬೇಳೆಬಾತು ಎಂದೆವು. ಬಾತಿಗೆ ಆದ ಅವಮಾನವನ್ನು ಹುರಿದ ಗೋಡಂಬಿ ಹಾಕಿ ಮುಚ್ಚಿದೆವು. ಕೊನೆಗೆ ಉಳಿದದ್ದನ್ನು ಚಪಾತಿ ಹಿಟ್ಟಿಗೆ ಕಲಸಿ ತಿಂದಾಗ ಇವಳು, “ಇನ್ನ ಇದಕ ಹೆಸರಿಡೂದು ಬ್ಯಾಡ್ರಿ, ಪಾಪ, ಹೋಗಲಿ ಬಿಡ್ರಿ” ಅಂದಳು.

ಹಾಗೆ ನೋಡಿದರೆ ಮದುವೆಯ ದಿನವೇ ಇದರ ಮುನ್ಸೂಚನೆ ಸಿಕ್ಕಿತ್ತು, ನಾವು ಗಮನ ಕೊಡಲಿಲ್ಲ. ಎರಡೂ ಮನೆಯವರು ಜಗಳವಾಡದಂತೆ ಮಂತ್ರ ನಮ್ಮ ಕಡೆಯದು, ಊಟ ಅವರ ಕಡೆಯದು ಎಂದು ಒಪ್ಪಂದವಾಗಿತ್ತು. ಸಪ್ತಪದಿಯ ಹೊತ್ತಿಗೆ ಪುರೋಹಿತರು ಒಂದೊಂದು ಹೆಜ್ಜೆಗೂ ಅರ್ಥ ಹೇಳಿದರು. ಮೊದಲ ಹೆಜ್ಜೆ ಅನ್ನಕ್ಕಾಗಿ, ಎರಡನೆಯದು ಬಲಕ್ಕಾಗಿ. ಹೀಗೆ ಒಂದೊಂದೇ ದಾಟಿ ಏಳನೆಯದು ಸಖ್ಯಕ್ಕಾಗಿ. ಫೋಟೋದವನು “ಸಾರ್, ಇನ್ನೊಂದ್ಸಲ ನಾಲ್ಕನೇ ಹೆಜ್ಜೆ ಇಡಿ, ನಗ್ತಾ ಇಡಿ” ಎನ್ನುತ್ತಿದ್ದುದರಿಂದ ಅದೊಂದೂ ತಲೆಗೆ ಹೋಗಲಿಲ್ಲ. ಆಮೇಲೆ ಯೋಚಿಸಿದರೆ ಆ ಕ್ರಮ ಹಾಕಿದವರು ಯಾರೋ ಸಂಸಾರಸ್ಥರೇ ಇರಬೇಕು ಅನ್ನಿಸಿತು. ಸ್ನೇಹವನ್ನು ಏಳನೆಯ ಜಾಗದಲ್ಲಿ ಇಟ್ಟಿದ್ದಾರೆ. ಮೊದಲು ಅನ್ನದ ವ್ಯವಸ್ಥೆ ಆಗಲಿ, ಉಳಿದದ್ದು ಆಮೇಲೆ ನೋಡೋಣ ಎಂದು.

ಉಡುಗೊರೆ ಕೊಟ್ಟವರಿಗಂತೂ ಅನ್ನದ ಕಡೆ ಲಕ್ಷ್ಯವೇ ಇರಲಿಲ್ಲ. ಗೋಡೆ ಗಡಿಯಾರಗಳು ಬಂದವು. ಇರುವ ಗೋಡೆಗಳಿಗಿಂತ ಗಡಿಯಾರಗಳೇ ಹೆಚ್ಚು. ಬೇರೆ ಬೇರೆ ಅಳತೆಯ ಹಾಟ್‌ಬಾಕ್ಸುಗಳು ಬಂದವು. ಬಿಸಿಯಾದದ್ದನ್ನು ಬಿಸಿಯಾಗಿ ಇಡುತ್ತವಂತೆ, ಆದರೆ ಮೊದಲು ಬಿಸಿ ಮಾಡುವವರು ಯಾರು? ಸಾಹಿತ್ಯಾಸಕ್ತ ಗೆಳೆಯರು ‘ಮೈಸೂರು ಮಲ್ಲಿಗೆ’ ತಂದರು, ಒಬ್ಬರಿಗೆ ತಿಳಿಯದಂತೆ ಒಬ್ಬರು. 1942ರಿಂದ ಕನ್ನಡಿಗರ ದಾಂಪತ್ಯಗಳಿಗೆಲ್ಲ ಪರಿಮಳ ಕೊಡುತ್ತ ಬಂದ ಪುಸ್ತಕ ಅದು, ನಾನು ತಕರಾರು ಎತ್ತುವುದಿಲ್ಲ. ಸಂಜೆ ಓದಿಕೊಳ್ಳಲು ಚೆನ್ನ. ಓದಿ ಮುಗಿಸಿದ ಮೇಲೆ ಹಸಿವಾಗುತ್ತದೆ, ಅಷ್ಟೇ ತೊಂದರೆ. ಅಡುಗೆಗೆಂದು ಬಂದ ಒಂದೇ ಸಾಮಾನು ಐದು ಲೀಟರಿನ ಕುಕ್ಕರು. ಅದರ ತಳದಲ್ಲಿ ಎರಡು ಹಿಡಿ ಬೇಳೆ ಹಾಕಿದರೆ ಬಾವಿಗೆ ಇಣುಕಿ ನೋಡಿದ ಹಾಗೆ ಕಾಣುತ್ತಿತ್ತು.

ಆ ಕುಕ್ಕರಿನ ಗ್ಯಾಸ್ಕೆಟ್ ಒಂದು ದಿನ ಕೈಕೊಟ್ಟಿತು. ತೆರೆದ ಪಾತ್ರೆಯಲ್ಲೇ ಬೇಳೆ ಬೇಯಲಿಟ್ಟೆವು. ಎಷ್ಟು ಹೊತ್ತಾದರೂ ಬೇಳೆ ತನ್ನ ಆಕಾರ ಬಿಡಲೊಲ್ಲದು. ಆ ಹೊತ್ತಿಗೆ ಸರಿಯಾಗಿ ಅತ್ತೆಯವರ ಫೋನು. ಅಳಿಯನ ಮಾನ ಉಳಿಸಿಕೊಳ್ಳಬೇಕಲ್ಲ, ನಾನು ಭೌತಶಾಸ್ತ್ರ ತೆಗೆದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದ್ದುಬಿಡುತ್ತದೆ. ಕುಕ್ಕರಿನೊಳಗಾದರೆ ಆವಿ ಹೊರಗೆ ಹೋಗಲಾರದೆ ಒತ್ತಡ ಏರಿ ಅದೇ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ, ಆದ್ದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯದಿರುವುದು ಪ್ರಕೃತಿಯ ನಿಯಮ ಎಂದು ವಿವರಿಸಿದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅತ್ತೆಯವರು ಪೂರ್ತಿ ಕೇಳಿಸಿಕೊಂಡರು. “ನಮ್ಮ ಧಾರವಾಡನೂ ಏನ್ ಸಮುದ್ರದಾಗ ಇಲ್ರಿ. ಬ್ಯಾಳಿ ನೆನಿ ಇಟ್ಟಿದ್ರೇನು?” ಎಂದರು. ಇಟ್ಟಿರಲಿಲ್ಲ. “ಬ್ಯಾಳಿಗೆ ಶಾಣ್ಯಾತನ ಹೇಳಬ್ಯಾಡ್ರಿ, ನೀರು ಹಾಕ್ರಿ” ಎಂದು ಫೋನು ಇಟ್ಟರು.

ಅಳತೆಯ ಕಾಯ್ದೆ ಬಂದ ಅದೇ 1956ರಲ್ಲಿ ಇನ್ನೊಂದು ದೊಡ್ಡ ಸಂಗತಿ ನಡೆಯಿತು. ನವೆಂಬರ್ 1ಕ್ಕೆ ಹಳೆಯ ಮೈಸೂರು ರಾಜ್ಯದ ತೀರ್ಥಹಳ್ಳಿ, ಮುಂಬಯಿ ರಾಜ್ಯದ ಧಾರವಾಡ ಎಲ್ಲ ಸೇರಿ ಒಂದೇ ರಾಜ್ಯವಾದವು. ಅದಕ್ಕಾಗಿ ದೊಡ್ಡ ದೊಡ್ಡವರು ದಶಕಗಳ ಕಾಲ ಹೋರಾಡಿದರು. ನಮ್ಮ ಅಡುಗೆಮನೆಯ ಏಕೀಕರಣಕ್ಕೆ ಯಾವ ಮುಖಂಡರೂ ಸಿಗದೆ ನಾವೇ ನೋಡಿಕೊಳ್ಳಬೇಕಾಯಿತು. ಮೇಲಿನ ಹಲಗೆಯಲ್ಲಿ ನನ್ನ ಅಮ್ಮ ಕಳಿಸಿದ ತೆಂಗಿನೆಣ್ಣೆ, ಮಿಡಿ ಉಪ್ಪಿನಕಾಯಿ, ಹಪ್ಪಳ, ಮೂಟೆ ಕಟ್ಟಿದ ತೆಂಗಿನಕಾಯಿ. ಕೆಳಗಿನ ಹಲಗೆಯಲ್ಲಿ ಇವಳ ತವರಿನಿಂದ ಬುತ್ತಿಯ ಜೊತೆ ಬಂದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಮಸಾಲಿಖಾರ, ಬಿಳಿಜೋಳದ ಹಿಟ್ಟು. ಪಲ್ಯಕ್ಕೆ ಕಾಯಿತುರಿ ಬೀಳದಿದ್ದರೆ ನನಗೆ ಅದು ಬರೀ ಬೆಂದ ತರಕಾರಿ. ಶೇಂಗಾಪುಡಿ ಬೀಳದಿದ್ದರೆ ಇವಳಿಗೂ ಹಾಗೇ. ಹೀರೇಕಾಯಿ ಬಾಣಲೆಯಲ್ಲಿದ್ದಾಗ ನಾವಿಬ್ಬರೂ ಅದರ ಎರಡೂ ಬದಿಗೆ ತಂತಮ್ಮ ಬಟ್ಟಲು ಹಿಡಿದು ನಿಂತಿರುತ್ತಿದ್ದೆವು.

ಒಮ್ಮತ ಸಿಕ್ಕಿದ್ದು ಬ್ಯಾಡಗಿ ಮೆಣಸಿನಕಾಯಿಯಲ್ಲಿ. ನನ್ನ ಅಮ್ಮನೂ ಅದನ್ನೇ ಹುರಿಯುವುದು, ಅತ್ತೆಯವರೂ ಅದನ್ನೇ ಕುಟ್ಟುವುದು. ಮೈಯೆಲ್ಲ ಸುಕ್ಕು, ಬಣ್ಣ ಮಾತ್ರ ಕಡುಗೆಂಪು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಶಿವಮೊಗ್ಗದಿಂದ ಧಾರವಾಡಕ್ಕೆ ಹೋಗುವಾಗ ಹಾವೇರಿಗೆ ಸ್ವಲ್ಪ ಮೊದಲು ಬ್ಯಾಡಗಿಗೆ ಹೋಗುವ ದಾರಿ ಸಿಗುತ್ತದೆ. ಅಂದರೆ ಎರಡು ಬೀಗರ ಮನೆಗಳ ನಡುವೆ ಭಗವಂತ ಮೊದಲೇ ಮೆಣಸಿನಕಾಯಿ ಬೆಳೆದಿಟ್ಟಿದ್ದ. ಈಗ ಊರಿಗೆ ಹೋಗಿ ಬರುವಾಗ ಅಲ್ಲಿಂದ ಒಂದು ಚೀಲ ತರುತ್ತೇವೆ. ಕಾರಿನಲ್ಲಿ ಸೀನುತ್ತ ಸೀನುತ್ತ ಬರುವುದು.

ಹೊಂದಿಕೊಂಡು ಹೋಗುವುದೆಂದರೆ ಒಬ್ಬರ ತಟ್ಟೆ ಇನ್ನೊಬ್ಬರು ಕಲಿಯುವುದು ಎಂದು ಯಾರೋ ತಿಳಿದವರು ಹೇಳಿದ್ದನ್ನು ನಂಬಿ ನಾನು ರೊಟ್ಟಿ ಬಡಿಯಲು ಕೂತೆ. ನನಗೆ ಅಕ್ಕಿರೊಟ್ಟಿ ಗೊತ್ತು, ತಟ್ಟುವ ಕೈಗೆ ಜೋಳವಾದರೇನು ಎಂಬ ಭಂಡಧೈರ್ಯ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ, ಹೇಗೆ ಎಳೆದರೂ ಬರುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರು ಹೊಯ್ಯುತ್ತಾರೆ, ಪಿಷ್ಟ ಅಲ್ಲೇ ಅರೆಬೆಂದು ಹಿಟ್ಟು ಕೂಡಿಕೊಳ್ಳುತ್ತದೆ. ಕೈ ಸುಡುವಷ್ಟು ಬಿಸಿಯಿರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಒಣಹಿಟ್ಟು ಉದುರಿಸಿ ಬಡಿಯುವುದು. ಇವಳು ಬಡಿಯುವಾಗ ರೊಟ್ಟಿ ತನ್ನಷ್ಟಕ್ಕೆ ಸುತ್ತುತ್ತದೆ. ಕೈ ಅದನ್ನು ತಿರುಗಿಸುವುದು ಕಣ್ಣಿಗೆ ಕಾಣುವುದೇ ಇಲ್ಲ, ಬಳೆಯ ಸದ್ದು ಮಾತ್ರ. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲಿನ ಹಿಟ್ಟೊರೆಸಿ, ನೀರು ಆರುವಷ್ಟರಲ್ಲಿ ಮಗುಚಿ, ಕೊನೆಗೆ ಬೆಂಕಿಗೆ ಹಿಡಿದರೆ ಉಬ್ಬಿ ನಿಲ್ಲುತ್ತದೆ.

ನನ್ನ ರೊಟ್ಟಿ ಅಂಚಿನಲ್ಲಿ ಸೀಳಿತು. ಸೀಳಿದ್ದನ್ನು ಒತ್ತಿದರೆ ನಡುವೆ ಸೀಳಿತು. ನಡುವೆ ತೇಪೆ ಹಾಕಿ ಎತ್ತಿದರೆ ಅರ್ಧ ಕೈಯಲ್ಲಿ, ಅರ್ಧ ಪರಾತದಲ್ಲಿ. “ಹಿಟ್ಟಿಗೆ ಅಂಜಬ್ಯಾಡ್ರಿ. ಅಂಜಿದವರ ಮಾತು ಅದು ಕೇಳೂದಿಲ್ಲ” ಅಂದಳು. ನನ್ನ ರೊಟ್ಟಿಗಳ ಗತಿಯೇನು ಎಂದು ಮರುಗುವವರಿಗೆ ಒಂದು ಸಮಾಧಾನದ ಸುದ್ದಿ. ಉತ್ತರ ಕರ್ನಾಟಕದಲ್ಲಿ ಮುಟಗಿ ಎಂಬುದೊಂದಿದೆ. ಬಿಸಿಬಿಸಿ ದಪ್ಪ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಖಾರದ ಜೊತೆ ಒರಳಲ್ಲಿ ಹಾಕಿ ಜಜ್ಜಿ, ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟುವುದು. ತಿಂದವನೇ ಬಲ್ಲ. ಹರಿದ ರೊಟ್ಟಿಗೆ ಇಂಥ ಸದ್ಗತಿ ಕಲ್ಪಿಸಿದ ಆ ನಾಡಿಗೆ ನಾನು ಋಣಿ. ಈಗಲೂ ನಾನು ರೊಟ್ಟಿ ಬಡಿಯುತ್ತೇನೆಂದು ಎದ್ದರೆ ಇವಳು ಮಾತಾಡದೆ ಬೆಳ್ಳುಳ್ಳಿ ಸುಲಿಯಲು ಕೂರುತ್ತಾಳೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳಕ್ಕೂ ಅದರಲ್ಲಿ ಪಾಲು ಸಿಕ್ಕಿತು. ನಾನು ಹೆಮ್ಮೆಯಿಂದ ಮಾವನವರಿಗೆ ಸುದ್ದಿ ಮುಟ್ಟಿಸಿದರೆ ಅವರು, “ನಮಗ ಯಾವ ವರ್ಷ ಜೋಳದ ವರ್ಷ ಅಲ್ರೀ?” ಅಂದರು.

ನನ್ನ ಸರದಿಯಲ್ಲಿ ತಂಬುಳಿ ಮಾಡಿದೆ. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಬೆಳೆದಿತ್ತು. ನಾಲ್ಕೆಲೆ ಕಿತ್ತು, ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಸೇರಿಸಿದರೆ ಮುಗಿಯಿತು, ಒಗ್ಗರಣೆ ಬೇಕಾದರೆ ಉಂಟು. ಬೇಯಿಸುವುದಿಲ್ಲ, ಕುದಿಸುವುದಿಲ್ಲ, ಸೀಯುವ ಭಯವಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಮುಖ ಸೊಟ್ಟ ಮಾಡಿಕೊಂಡಿರುವ ಇಬ್ಬರಿಗೆ ಇದಕ್ಕಿಂತ ದಯಾಮಯಿ ಅಡುಗೆ ಕನ್ನಡನಾಡಿನಲ್ಲಿ ಇನ್ನೊಂದಿಲ್ಲ. ಇವಳು ಬೆರಳ ತುದಿಯಲ್ಲಿ ನೆಕ್ಕಿ, “ಇದು ಊಟನೋ ಔಷಧಾನೋ?” ಎಂದಳು. ಎರಡೂ ಎಂದೆ. ಈಗ ಅದರ ಜೊತೆ ಗುರೆಳ್ಳು ಪುಡಿ ಹಚ್ಚಿಕೊಂಡು ತಿನ್ನುತ್ತಾಳೆ. ಅಮ್ಮನಿಗೆ ನಾನಿನ್ನೂ ಇದನ್ನು ಹೇಳಿಲ್ಲ.

ಗಂಡಸರು ಅಡುಗೆ ಮಾಡುವುದು ನಮ್ಮಲ್ಲಿ ಹೊಸತೇನಲ್ಲ. ಭೀಮ ವಿರಾಟನ ಅಡುಗೆಮನೆಯಲ್ಲಿ ವಲಲನಾಗಿ ಸೌಟು ಹಿಡಿದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದಾಗ ರಾಜಕಾರ್ಯಗಳ ನಡುವೆ ಅಡುಗೆಗೂ ಜಾಗ ಕೊಟ್ಟ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರವಿದೆ, ಅದು 1025ರದು. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಅರಸು ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಹಾಡಿಬಿಟ್ಟ. ನನಗೆ ಬಹಳ ಹಿಡಿಸುವವನು ನಳ. ರೂಪ ಕೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ರಥ ಹೊಡೆದುಕೊಂಡು ಬಂದ ಗಂಡನನ್ನು ದಮಯಂತಿ ಗುರುತು ಹಿಡಿಯಲು ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡಿದಳು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು. ಈ ಕಥೆ ಹೇಳಿ, ನೀನಾದರೆ ನನ್ನನ್ನು ಹೇಗೆ ಗುರುತು ಹಿಡಿಯುತ್ತಿದ್ದೆ ಎಂದು ಇವಳನ್ನು ಕೇಳಿದೆ. “ಉಪ್ಪಿರಲಿಲ್ಲ ಅಂದ್ರ ನೀವs” ಎಂದಳು.

ಆದರೆ ಈ ಮಹಾಪುರುಷರ ಬಗ್ಗೆ ನನಗೊಂದು ಅನುಮಾನ. ಬಂದ ರುಚಿಯನ್ನು ಅರಸರು ಬರೆದಿಟ್ಟರು, ಸೀದ ತಳವನ್ನು ಉಜ್ಜಿದವರ ಕೈಗೆ ಲೇಖನಿ ಸಿಗಲೇ ಇಲ್ಲ. ಇಂದಿಗೂ ಗಂಡಸರ ಅಡುಗೆ ಎಂದರೆ ಬಹುಮಟ್ಟಿಗೆ ಒಗ್ಗರಣೆ. ತರಕಾರಿ ಹೆಚ್ಚಿದ್ದು ಒಬ್ಬರು, ತೆಂಗಿನಕಾಯಿ ತುರಿದದ್ದು ಒಬ್ಬರು, ಬೇಳೆ ಬೇಯಿಸಿದ್ದು ಒಬ್ಬರು, ಮತ್ತು ಆ ಮೂವರೂ ಒಬ್ಬರೇ. ಕೊನೆಯಲ್ಲಿ ಬಂದು ಸಾಸಿವೆ ಚಟಪಟಗುಟ್ಟಿಸಿ, ಇಂಗು ಉದುರಿಸಿ, ಘಮ ಘಮ ಎಂದು ಮನೆಯೆಲ್ಲ ಸುದ್ದಿ ಮಾಡುವವನು ಇನ್ನೊಬ್ಬ. ಬಂದವರು ಹೊಗಳುವುದು ಅವನನ್ನು. ನಮ್ಮ ಮನೆಯಲ್ಲೂ ಕೆಲವು ಕಾಲ ಇದೇ ನಡೆಯಿತು. ಆಮೇಲೆ ಇವಳು ಕಾನೂನು ತಂದಳು: ಒಗ್ಗರಣೆ ಹಾಕಿದವರೇ ಭಾಂಡೆ ತಿಕ್ಕಬೇಕು. ಅಂದಿನಿಂದ ನಾನು ತರಕಾರಿ ಹೆಚ್ಚುವುದರಲ್ಲಿ ಹೆಚ್ಚು ಆಸಕ್ತಿ ಬೆಳೆಸಿಕೊಂಡಿದ್ದೇನೆ.

ಉಪ್ಪಿನ ಸಮಸ್ಯೆ ಇದಕ್ಕಿಂತ ಗಹನ. ಒಬ್ಬರೇ ಅಡುಗೆ ಮಾಡುವ ಮನೆಯಲ್ಲಿ ಉಪ್ಪು ಇರುತ್ತದೆ ಇಲ್ಲವೇ ಇರುವುದಿಲ್ಲ, ತಪ್ಪು ಯಾರದೆಂದು ತಕರಾರಿಲ್ಲ. ಇಬ್ಬರು ನಿಂತರೆ ಒಂದೋ ಇಬ್ಬರೂ ಹಾಕಿರುತ್ತಾರೆ, ಇಲ್ಲವೇ ಇವರು ಹಾಕಿದ್ದಾರೆಂದು ಅವರು, ಅವರು ಹಾಕಿದ್ದಾರೆಂದು ಇವರು. ದಿನವೆಲ್ಲ ನಗುನಗುತ್ತ ಇದ್ದ ಜೋಡಿ ರಾತ್ರಿ ಒಂದು ಚಿಟಿಕೆ ಉಪ್ಪಿನ ಮೇಲೆ ವಂಶಾವಳಿ ತೆಗೆದು ಜಗಳಕ್ಕೆ ನಿಲ್ಲುತ್ತದೆ. ನಾವು ಕಂಡುಕೊಂಡ ಉಪಾಯ ಸುಲಭದ್ದು. ಉಪ್ಪು ಹಾಕಿದವರು ಉಪ್ಪಿನ ಡಬ್ಬಿಯ ಮೇಲೆ ಚಮಚವನ್ನು ಬೋರಲು ಇಡಬೇಕು. ಊಟ ಮುಗಿದ ಮೇಲೆ ಅಂಗಾತ ತಿರುಗಿಸಿ ಇಡಬೇಕು. ಇದಕ್ಕೆ ಮಾತು ಬೇಡ, ಮುಖ ನೋಡುವುದೂ ಬೇಡ. ಮಾತು ಬಿಟ್ಟ ದಿನಗಳಲ್ಲೂ ಪದ್ಧತಿ ನಿರಾತಂಕವಾಗಿ ನಡೆಯುತ್ತದೆ, ಪರೀಕ್ಷಿಸಿ ನೋಡಿದ್ದೇವೆ.

ಮನೆ ಓನರ್ ಆಂಟಿ ಮಾಗಡಿ ಕಡೆಯವರು. ಡಿಸೆಂಬರ್ ಬಂತೆಂದರೆ ಅವರ ಮುಖಕ್ಕೆ ಬೇರೆಯೇ ಕಳೆ. ತವರಿನಿಂದ ಅವರೆಕಾಯಿ ಮೂಟೆ ಬರುತ್ತದೆ. ಒಂದು ಸಂಜೆ ಒಂದು ಚೀಲ ತಂದು ನಮ್ಮ ಬಾಗಿಲಲ್ಲಿ ಸುರಿದು, “ಸೊಗಡು ನೋಡಮ್ಮ ಹೆಂಗೈತೆ. ಬಿಡಿಸಿ ನೆನೆಹಾಕು, ನಾಳೆ ಹಿತಕಿದ ಬೇಳೆ ಸಾರು ಮಾಡು. ಏನಪ್ಪಾ, ನೀನೂ ಕೂತ್ಕೊ, ಒಬ್ಬಳ ಕೈಲಿ ಆಗಲ್ಲ ಇದು” ಎಂದು ಹೇಳಿ ಇಳಿದುಹೋದರು. ತೀರ್ಥಹಳ್ಳಿಗೂ ಧಾರವಾಡಕ್ಕೂ ಸೇರದ ಅಡುಗೆ. ಇಬ್ಬರಿಗೂ ಬರುವುದಿಲ್ಲ, ಆದ್ದರಿಂದ ಹೀಗಲ್ಲ ಹಾಗೆ ಎಂದು ತಿದ್ದುವವರು ಯಾರೂ ಇಲ್ಲ. ಆ ನೆಮ್ಮದಿಯೇ ಒಂದು ತೂಕ.

ರಾತ್ರಿ ನೆನೆದ ಕಾಳು ಮರುದಿನ ಸಂಜೆಗೆ ಉಬ್ಬಿಕೊಂಡಿತ್ತು. ನೆಲದ ಮೇಲೆ ಪೇಪರ್ ಹಾಸಿ ನಡುವೆ ಬೋಗುಣಿ ಇಟ್ಟುಕೊಂಡು ಕೂತೆವು. ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಸಕ್ಕನೆ ಹಾರುತ್ತದೆ. ಹಾರಿದ್ದು ಬೋಗುಣಿಗೇ ಬೀಳಬೇಕೆಂದೇನಿಲ್ಲ. ಒಂದು ನನ್ನ ಕನ್ನಡಕಕ್ಕೆ ಬಡಿಯಿತು, ಒಂದು ಫ್ರಿಜ್ಜಿನ ಅಡಿಗೆ ಹೋಯಿತು, ಅದು ಯುಗಾದಿಗೆ ಮನೆ ಗುಡಿಸುವಾಗ ಸಿಕ್ಕಿತು. ಬೆರಳೆಲ್ಲ ಒದ್ದೆ, ಅಂಟು, ಸೊಗಡಿನ ವಾಸನೆ. ಪಕ್ಕದಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು, ಮುಟ್ಟುವ ಹಾಗಿಲ್ಲ. ಹಿತಕುವ ಕೆಲಸದಲ್ಲಿ ಕಣ್ಣು ಕೈಮೇಲೆ ಇರುತ್ತದೆ, ಎದುರಿನವರ ಮುಖ ನೋಡಬೇಕಾಗಿಲ್ಲ. ಅದರಿಂದಲೋ ಏನೋ, ಮಾತು ತಾನೇ ಬರುತ್ತದೆ.

ಚಿಕ್ಕವಳಿದ್ದಾಗ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿ, ಪಾಳಿ ಹಚ್ಚಿ ನಿಂತು, ಬಿಸಿ ಹಿಟ್ಟಿನ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಬರುವುದೇ ಚಳಿಗಾಲದ ದೊಡ್ಡ ಸುಖವಾಗಿತ್ತು ಎಂದು ಇವಳು ಹೇಳಿದಳು. ನಾನು ಅಪ್ಪನ ಅಡುಗೆಯ ಸುದ್ದಿ ತೆಗೆದೆ. ಅಮ್ಮ ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದ ಕಾಲ ಅದು. ಆ ಮೂರು ದಿನ ಅಪ್ಪನೇ ಅಡುಗೆ. ಮಲೆನಾಡಿನ ಅಂಥ ಎಷ್ಟೋ ಮನೆಗಳಲ್ಲಿ ಗಂಡಸರಿಗೆ ಅಡುಗೆ ಬರುತ್ತಿದ್ದುದು ಹೀಗೆಯೇ. ಅಪ್ಪ ಸೌತೆಕಾಯಿ ಹುಳಿ, ಅನ್ನ, ಚಟ್ನಿ ಎಲ್ಲ ಅಚ್ಚುಕಟ್ಟಾಗಿ ಮಾಡಿ, ಅಮ್ಮನಿಗೆ ದೂರದಿಂದ ಬಡಿಸುತ್ತಿದ್ದರು. ರುಚಿಯೂ ಚೆನ್ನಾಗಿರುತ್ತಿತ್ತು ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

ಇವಳು ಹಿತಕುವುದನ್ನು ನಿಲ್ಲಿಸಲಿಲ್ಲ. “ಹಂಗಾದ್ರ ಉಳದ ಇಪ್ಪತ್ತೇಳು ದಿನ ಮರತಬಿಡ್ತಿದ್ರೇನು?” ಅಂದಳು.

ಚೇಷ್ಟೆಗೆ ಕೇಳಿದ್ದು ಎಂದುಕೊಂಡು ನಗಲು ಹೋದೆ. ಅಷ್ಟರಲ್ಲಿ ಮಾತು ಗಂಟಲಿಗೆ ಸಿಕ್ಕಿಕೊಂಡಿತು. ಮೂವತ್ತು ವರ್ಷದಿಂದ ಕಂಡ ಮನೆ, ಈ ಲೆಕ್ಕ ನನಗೆ ಹೊಳೆದಿರಲೇ ಇಲ್ಲ. ನಾಲ್ಕನೆಯ ದಿನ ಅಮ್ಮ ಮಿಂದು ಒಳಗೆ ಬರುತ್ತಿದ್ದರು, ಅಪ್ಪ ಸೌಟು ಇಟ್ಟು ತೋಟಕ್ಕೆ ಹೋಗುತ್ತಿದ್ದರು, ಮನೆ ಸರಿಹೋಯಿತು ಎಂದು ನಮಗೆಲ್ಲ ಸಮಾಧಾನವಾಗುತ್ತಿತ್ತು. ಮಾರನೆಯ ವಾರ ಅಮ್ಮನಿಗೆ ಫೋನು ಮಾಡಿದಾಗ ಮೆಲ್ಲಗೆ ಈ ಮಾತು ತೆಗೆದೆ. ಅವರು ನಕ್ಕು, “ನಂಗೆ ಆ ಮೂರು ದಿನವೇ ಹಬ್ಬ ಆಗಿತ್ತು ಮಾರಾಯ” ಎಂದರು. ಆಮೇಲೆ ಎಂದಿನಂತೆ ಬೇಳೆ ಎಷ್ಟು ಹಾಕ್ತಿಯಾ ಎಂದು ಕೇಳಿದರು.

ಹಿತಕಿದ ಬೇಳೆ ಸಾರು ಹೇಗಾಯಿತು ಎನ್ನುತ್ತೀರಾ? ಆಂಟಿ ತಾವೇ ರಾಗಿಮುದ್ದೆ ತಿರುವಿಕೊಂಡು ಬಂದು ತಟ್ಟೆಗೆ ಇಟ್ಟರು. “ಅಗೀಬೇಡಿ, ನುಂಗಿ” ಎಂದು ಇಬ್ಬರಿಗೂ ಪಾಠ ಮಾಡಿದರು. ಇವಳು ಒಂದೇ ಸಲಕ್ಕೆ ಕಲಿತಳು, ನಾನು ಕದ್ದು ಅಗಿದೆ. ಸಾರು ಪಾತ್ರೆಯಲ್ಲಿ ಮಿಗಲಿಲ್ಲ, ಅಷ್ಟು ಹೇಳಿದರೆ ಸಾಕು. ಈಗ ಪ್ರತಿ ಚಳಿಗಾಲದಲ್ಲೂ ನಮ್ಮ ಮನೆಯಲ್ಲಿ ಅವರೆ ಹಿತಕುವ ಸಂಜೆಗಳು ಇರುತ್ತವೆ. ಮನೆಖರ್ಚು, ಸಾಲ, ಯಾರ ಊರಿಗೆ ಹಬ್ಬಕ್ಕೆ ಹೋಗುವುದು, ಕೆಲಸ ಬಿಡುವುದೋ ಬೇಡವೋ, ಇಂಥ ಕಠಿಣ ವಿಷಯಗಳನ್ನೆಲ್ಲ ನಾವು ಆ ಬೋಗುಣಿಗೆಂದೇ ಎತ್ತಿಡುತ್ತೇವೆ. ಬೇಸಿಗೆಯಲ್ಲಿ ಬಂದ ತಕರಾರುಗಳು ಬೆಳ್ಳುಳ್ಳಿ ಸುಲಿಯುವಾಗ ಇತ್ಯರ್ಥವಾಗುತ್ತವೆ. ಪುರೋಹಿತರು ಹೇಳಿದ ಆ ಏಳನೆಯ ಹೆಜ್ಜೆ ನಮಗೆ ದಕ್ಕಿದ್ದು ಹೀಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ.

ಈಗ ಮದುವೆ ಸುಗ್ಗಿ. ನಿಮ್ಮ ಮೇಜಿನ ಮೇಲೂ ಒಂದೆರಡು ಲಗ್ನಪತ್ರಿಕೆ ಇದ್ದೇ ಇರುತ್ತವೆ. ದಯವಿಟ್ಟು ಗೋಡೆ ಗಡಿಯಾರ ಕೊಡಬೇಡಿ. ಎರಡು ಲೀಟರಿನ ಒಂದು ಪುಟ್ಟ ಕುಕ್ಕರು ಕೊಡಿ, ಮರೆಯದೆ ಅದರ ಜೊತೆ ಒಂದು ಗ್ಯಾಸ್ಕೆಟ್ ಹೆಚ್ಚಿಗೆ ಇಡಿ. ಕೊಡುವಾಗ ಹುಡುಗನ ಕೈಗೇ ಕೊಡಿ.